ಖಣಿಗೆ ಬಿದ್ದ ತೋಳ ಮತ್ತು ನನ್ನ ಹಲಗಿ

ತೋಳ ನಡೆಯಿತು! ಇವತ್ತು ಮುಂಜಾನೆ, ನನ್ನ ಕಣ್ಣೆದುರಿಗೇ ನಡೆಯಿತು. ಬೋನಿನ ಬಾಗಿಲು ಎತ್ತಿದ ಮೇಲೆ ಒಂದು ಗಳಿಗೆ ಮೂಗು ಮಾತ್ರ ಹೊರಗೆ ಹಾಕಿತು. ಆಮೇಲೆ ಮುಂಗಾಲು, ಆಮೇಲೆ ಹಿಂಗಾಲು ಎರಡೂ. ಎರಡೂ ಎಂದು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಆ ಎಡ ಹಿಂಗಾಲು ನೆಲಕ್ಕೆ ಊರುತ್ತದೋ ಇಲ್ಲವೋ ಎಂದು ಒಂದು ತಿಂಗಳು ನನಗೆ ರೊಟ್ಟಿ ಗಂಟಲಲ್ಲಿ ಇಳಿದಿಲ್ಲ. ಊರಿತು. ಹತ್ತು ಹೆಜ್ಜೆ ನಡೆಯಿತು, ನಿಂತು ನಮ್ಮ ಕಡೆ ನೋಡಿತು, ಮತ್ತೆ ಹುಲ್ಲಿನಲ್ಲಿ ಓಡಿಹೋಯಿತು.

ಅದನ್ನು ನಡೆಸಿದವಳು ನನ್ನ ಮೊಮ್ಮಗಳು. ನನ್ನ ಮಗನ ಮಗಳು. ಸರ್ಕಾರಿ ಡಾಕ್ಟರು, ಕಾಡುಪ್ರಾಣಿಗಳ ಡಾಕ್ಟರು. ಮುದುಕಿ ಜಂಬ ಕೊಚ್ಚುತ್ತಿದ್ದಾಳೆ ಎಂದು ಯಾರಿಗಾದರೂ ಅನ್ನಿಸಿದರೆ ಅವರು ಇಲ್ಲಿಗೇ ಓದುವುದು ನಿಲ್ಲಿಸಬಹುದು. ನಾನು ಬರೆಯುವುದು ನಿಲ್ಲಿಸುವುದಿಲ್ಲ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಶಹಾಬಾದಿನ ಪಕ್ಕದ ನಮ್ಮೂರಿನಲ್ಲಿ, ಮನೆಯ ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆಯುವ ಖಣಿ ಇತ್ತು. ಅಲ್ಲಿ ಹರೆಯವೆಲ್ಲ ಬುಟ್ಟಿ ಹೊತ್ತೆ. ಕಲಿತ ಅಕ್ಷರ ಕಲ್ಲಿನ ಪುಡಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಮೊಮ್ಮಗಳು ಒಂದನೇ ಇಯತ್ತೆಗೆ ಹೋದಾಗ ಅವಳ ಪಾಟಿಯ ಮೇಲೆ ಅವಳ ಜೊತೆಗೆ ನಾನೂ ಮತ್ತೊಮ್ಮೆ ತಿದ್ದಿದೆ. ಅವಳು ಮುಂದೆ ಹೋದಳು, ಬೀದರಿಗೆ ಹೋಗಿ ಪ್ರಾಣಿಗಳ ಡಾಕ್ಟರಿಕೆ ಓದಿದಳು. ನಾನು ಓದುವುದು ಬರೆಯುವುದರ ತನಕ ಬಂದು ನಿಂತೆ. ಇದನ್ನು ಬರೆಯುತ್ತಿರುವುದೂ ಅವಳ ಕಾಲೇಜಿನ ನೋಟಬುಕ್ಕಿನ ಕೊನೆಯ ಹಾಳೆಗಳಲ್ಲಿ. ಮುಂದಿನ ಹಾಳೆಗಳಲ್ಲಿ ಎಮ್ಮೆಯ ಹೊಟ್ಟೆಯ ಚಿತ್ರ ಬರೆದಿದ್ದಾಳೆ. ಹೊಟ್ಟೆಯೊಳಗೆ ನಾಲ್ಕು ಕೋಣೆ. ನಮ್ಮ ಮನೆಗಿಂತ ಎರಡು ಹೆಚ್ಚು.

ನಮ್ಮ ಕೇರಿಯವರನ್ನು ಊರು ಒಂದು ಕಾಲಕ್ಕೆ ಎರಡು ಕೆಲಸಕ್ಕೆ ಕರೆಯುತ್ತಿತ್ತು. ದನ ಸತ್ತರೆ ಎಳೆದುಹಾಕಲು, ಮನುಷ್ಯ ಸತ್ತರೆ ಮುಂದೆ ಹಲಗಿ ಬಾರಿಸಲು. ಕರೆಯುವವರು ಯಾರೂ ಮನೆಯ ಬಾಗಿಲಿಗೆ ಬರುತ್ತಿರಲಿಲ್ಲ. ಕೇರಿಯ ಮೂಲೆಯಲ್ಲಿ ನಿಂತು ಕೂಗಿ ಹೋಗುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಆಗಿನ್ನೂ ಮೀಸೆ ಸರಿಯಾಗಿ ಬರದ ನನ್ನ ಮೈದುನ ಒಂದು ದಿನ ಒಳಗಿನಿಂದ ದನ ಎಳೆಯುವ ಹಗ್ಗ ತಂದು, ಕೂಗಿದವನ ಕಾಲ ಮುಂದೆ ಎಸೆದ.

"ನಿಮ್ಮ ಎತ್ತು, ನಿಮ್ಮ ಹಗ್ಗ. ನೀವೇ ಎಳ್ಕೋರಿ" ಎಂದ.

ಅವತ್ತಿನಿಂದ ಎರಡೂ ಕೆಲಸ ನಿಂತವು. ಊರಿನವರು ಸಿಟ್ಟಿಗೆ ಹೊಲದ ಕೂಲಿ ನಿಲ್ಲಿಸಿದರು, ನಾವು ಖಣಿಗೆ ಹೋದೆವು. ಹಗ್ಗ ಹೋಯಿತು, ಹಲಗಿ ಮಾತ್ರ ಉಳಿಯಿತು. ಅದು ನನ್ನ ಮನೆಯವರ ಕೈಯ ಹಲಗಿ. ಅವರು ತೀರಿಕೊಂಡ ಮೇಲೂ ನಾನು ಅದನ್ನು ಯಾರಿಗೂ ಕೊಡದೆ, ಬುದ್ಧನ ಫೋಟೊದ ಎದುರಿನ ಗೋಡೆಗೆ ತೂಗುಹಾಕಿಕೊಂಡಿದ್ದೆ.

ಮೊಮ್ಮಗಳಿಗೆ ಮೊದಲು ಚಿತ್ತಾಪುರದ ದನದ ದವಾಖಾನೆಯಲ್ಲಿ ನೌಕರಿ ಬಂತು. ಅಲ್ಲಿಂದ ಅರಣ್ಯ ಇಲಾಖೆಗೆ ಹಾಕಿದರು, ಚಿಂಚೋಳಿಯಲ್ಲಿ. ಕೂರುವುದು ಚಿಂಚೋಳಿಯಲ್ಲಿ ಅಂತ ಹೆಸರಿಗೆ, ತಿರುಗುವುದು ಎಲ್ಲ ಕಡೆ. ಸೇಡಂ ಕಡೆ ಹೊಲದಲ್ಲಿ ನವಿಲು ಸತ್ತು ಬಿದ್ದರೆ ಬಿತ್ತುವ ಬೀಜಕ್ಕೆ ಹಚ್ಚಿದ ಔಷಧ ತಿಂದು ಸತ್ತವೋ, ಬೇಕೆಂದು ಯಾರಾದರೂ ವಿಷ ಇಟ್ಟರೋ ಎಂದು ಇವಳು ಹೊಟ್ಟೆ ಕೊಯ್ದು ನೋಡಬೇಕು. ಚಂದ್ರಂಪಳ್ಳಿಯ ಸುತ್ತಿನ ಹಳ್ಳಿಗಳಲ್ಲಿ ನಾಯಿಗಳಿಗೆ ಸೂಜಿ ಹಾಕಬೇಕು, ಯಾಕೆಂದರೆ ಊರ ನಾಯಿಯ ರೋಗ ಕಾಡಿನ ತೋಳಕ್ಕೆ, ನರಿಗೆ ಹತ್ತುತ್ತದೆ. ನಾಯಿ ಹಿಡಿಯಲು ಬಂದಿದ್ದಾಳೆ ಎಂದು ತಿಳಿದು ಒಂದು ಊರಿನ ಹೆಣ್ಣುಮಕ್ಕಳು ಇವಳ ಜೀಪಿಗೆ ಅಡ್ಡ ನಿಂತಿದ್ದರಂತೆ. ಕೊನೆಗೆ ಅವರೇ ಸೆರಗಿನಲ್ಲಿ ಮರಿ ಕಟ್ಟಿಕೊಂಡು ತಂದರಂತೆ.

ನಾಲವಾರ ಸ್ಟೇಷನ್ನಿನ ಹತ್ತಿರ ಒಮ್ಮೆ ರೈಲಿಗೆ ಸಿಕ್ಕು ಚಿಗರಿಯೊಂದು ಸತ್ತಿತು. ಇವಳು ಹಳಿಯ ಪಕ್ಕ ಮೊಣಕಾಲೂರಿ ಕೂತು ಅದನ್ನು ಕೊಯ್ಯುತ್ತಿದ್ದಾಗ, ಅಲ್ಲಿನ ಮಠಕ್ಕೆ ಹೋಗಿ ಬಂದವರ ಗುಂಪಿನ ನಡುವೆ ವಾಡಿಯ ಗಾಡಿಗೆ ಕಾಯುತ್ತಿದ್ದ ನನ್ನ ಮೈದುನ ನೋಡಿಬಿಟ್ಟ. ಮನೆಗೆ ಬಂದವನು ಚಪ್ಪಲಿ ಕೂಡ ಬಿಡಲಿಲ್ಲ.

"ವೈನಿ, ನಾ ಆ ಹಗ್ಗ ಒಗದು ಎಷ್ಟು ವರ್ಷ ಆತು? ನಿನ್ನ ಮೊಮ್ಮಗಳು ಅದೇ ಹಗ್ಗ ಹುಡುಕ್ಕೊಂಡು ಹೋಗ್ಯಾಳ ನೋಡು."

"ಏನ್ ಮಾಡಿದ್ಲು?"

"ಸತ್ತದ್ದರ ಮುಂದ ಕುಂತು ಕೊಯ್ಯಾಕತ್ತಿದ್ಲು. ಸ್ಟೇಷನ್ ಮಂದಿ ಎಲ್ಲ ನೋಡಾಕತ್ತಿತ್ತು. ಇದಕ್ಕೇನು ಬೀದರಕ್ಕ ಹೋಗಿ ಓದಬೇಕಿತ್ತು? ಇಲ್ಲೇ ಕೇರ್ಯಾಗ ಕಲಿಸ್ತಿದ್ದಿಲ್ಲೇನು?"

ನನಗೆ ನೆತ್ತಿಗೇರಿತು. "ನಿನಗ ಮೂಲ್ಯಾಗ ನಿಂತು ಕೂಗ್ತಿದ್ರು. ಆಕಿಗಿ ಜೀಪ್ ಕಳಸ್ತಾರ. ಎಳದು ಒಗೀರಿ ಅನ್ನಲ್ಲ, ಯಾಕ ಸತ್ತದ ಹೇಳ್ರಿ ಮೇಡಂ ಅಂತಾರ. ಆಕಿ ಬರದದ್ದು ಕೋರ್ಟಿನ್ಯಾಗ ನಡೀತದ, ತಿಳೀತಾ?"

"ನಡೀಲಿ. ಆ ಕೈಲಿಂದ ನೀಡಿದ ರೊಟ್ಟಿ ನಾ ಉಣ್ಣಲ್ಲ."

ಪಕ್ಕದ ಮನೆಯಲ್ಲೇ ಇರುವವನು, ಹೆಂಡತಿ ಹೋದ ಮೇಲೆ ಸಂಜೆಯ ಊಟ ನಮ್ಮಲ್ಲೇ ಮಾಡುತ್ತಿದ್ದವನು, ಅವತ್ತಿನಿಂದ ನಮ್ಮ ಹೊಸ್ತಿಲು ದಾಟಲಿಲ್ಲ. ಮೊಮ್ಮಗಳು ನಕ್ಕಳು. "ಸಣ್ಣ ಮುತ್ಯಾ ಬರಲ್ಲಂದ್ರ ನನಗ ಎರಡು ರೊಟ್ಟಿ ಜಾಸ್ತಿ ಆತು" ಎಂದಳು. ಆದರೆ ಆಮೇಲೆ ಮನೆಗೆ ಬಂದಾಗಲೆಲ್ಲ ನಲ್ಲಿಯ ಕೆಳಗೆ ಮೊಳಕೈ ತನಕ ಸಾಬೂನು ಹಚ್ಚಿ ಹಚ್ಚಿ ತೊಳೆಯುತ್ತಿದ್ದಳು. ನಾನು ನೋಡದವಳಂತೆ ಇರುತ್ತಿದ್ದೆ.

ಒಂದು ತಿಂಗಳ ಹಿಂದೆ ನಮ್ಮೂರಿನ ಹಳೆಯ ಖಣಿಗೆ ಹೆಣ್ಣು ತೋಳ ಬಿತ್ತು. ಕಲ್ಲು ತೀರಿದ ಮೇಲೆ ಬಿಟ್ಟುಹೋದ ಖಣಿ ಅದು. ತಳದಲ್ಲಿ ಮಳೆಯ ನೀರು, ನೀರಿನ ಮೇಲೆ ಒಂದು ಕಡೆ ಅಂಗಳದಷ್ಟು ಬಂಡೆ. ತೋಳ ಆ ಬಂಡೆಯ ಮೇಲೆ ಸುತ್ತು ಹಾಕುತ್ತಿತ್ತು. ಮೇಲೆ ಊರೇ ನೆರೆದಿತ್ತು. ಕುರಿ ಕಾಯುವ ಮುದುಕನೊಬ್ಬ, "ಅಲ್ಲೇ ಬಿಡ್ರಿ ಅದನ್ನ. ನನ್ನ ಕುರಿ ತಿಂದಿದ್ದು ಕರಗಿ ತಾನೇ ಸಾಯ್ತದ" ಎಂದ.

ಅರಣ್ಯದ ಗಾರ್ಡುಗಳು ನಮ್ಮ ಮನೆಗೆ ಬಂದು ನಾನು ಮಲಗುವ ಹೊರಸು ಕೇಳಿದರು. ಮೇಡಂ ಫೋನಿನಲ್ಲಿ ಹೇಳಿದ್ದರಂತೆ. ಹೊರಸಿನ ನಾಲ್ಕೂ ಕಾಲಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಮಂದಿಯನ್ನು ದೂರ ಕಳಿಸಿ, ಯಾರೂ ಉಸಿರೆತ್ತದೆ ಕಾದರೆ ಪ್ರಾಣಿ ತಾನಾಗಿ ಅದರ ಮೇಲೆ ಹತ್ತುತ್ತದೆ, ಆಗ ಮೆಲ್ಲಗೆ ಎಳೆಯುವುದು. ಮೇಲಿನಿಂದ ನಿದ್ದೆಯ ಸೂಜಿ ಹೊಡೆದರೆ ಅದು ತೂಕಡಿಸಿ ನೀರಿಗೆ ಬಿದ್ದು ಸಾಯಬಹುದು ಎಂಬ ಭಯ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನನಗೆ ತಿಳಿದದ್ದು ಒಂದೇ, ನನ್ನ ಮೊಮ್ಮಗಳು ನನ್ನ ಹೊರಸಿನ ಮೇಲೆ ತೋಳವನ್ನು ಎತ್ತಲು ನಮ್ಮೂರಿಗೆ ಬರುತ್ತಿದ್ದಾಳೆ!

ಸೇಡಂ, ಚಿತ್ತಾಪುರ ದಾಟಿ ಅವಳ ಜೀಪು ಬಂದದ್ದನ್ನು ಮನೆಯ ಕಟ್ಟೆಯಿಂದಲೇ ನೋಡಿದೆ. ಜೀಪು ನಿಂತ ಕೂಡಲೇ ಮೇಲಿನ ಓಣಿಯ ಗೌಡರ ಮಗ ಎರಡೂ ಕೈ ಜೋಡಿಸಿ, "ಬರ್ರಿ ಮೇಡಂ, ಈ ಕಡೆ ಬರ್ರಿ" ಎಂದ. ಅವನ ಅಪ್ಪ ನಮ್ಮ ಕೇರಿಯ ಮೂಲೆಯಲ್ಲಿ ನಿಂತು ಕೂಗುತ್ತಿದ್ದವನು. ನಾನು ಅದನ್ನು ಕಿವಿಯಾರೆ ಕೇಳಿದವಳು.

ನನಗೆ ಹಿಗ್ಗು ತಡೆಯಲಾಗಲಿಲ್ಲ. ಒಳಗೆ ಹೋದೆ. ಗೋಡೆಯ ಹಲಗಿ ಇಳಿಸಿದೆ. ಒಲೆಯ ಉರಿಗೆ ಹಿಡಿದು ಚರ್ಮ ಕಾಸಿದೆ. ಒಂದು ಕಾಲಕ್ಕೆ ಊರವರ ಸಾವಿಗೆ ಬಾರಿಸಿದ್ದು ಇದು, ಇವತ್ತು ನನ್ನ ಕೂಸಿಗೆ ಮೊಳಗಲಿ ಎಂದುಕೊಂಡೆ. ನಮ್ಮಲ್ಲಿ ಹೆಣ್ಣುಮಕ್ಕಳು ಹಲಗಿ ಮುಟ್ಟುವುದಿಲ್ಲ. ಮುಟ್ಟಿದೆ. ಖಣಿಯ ಹತ್ತಿರ ಹೋದರೆ ಅಷ್ಟು ಮಂದಿ ಇದ್ದೂ ಒಂದು ಸದ್ದಿಲ್ಲ. ನೋಡು, ಹೊಟ್ಟೆಕಿಚ್ಚಿಗೆ ಒಬ್ಬರೂ ಬಾಯಿ ಬಿಡುತ್ತಿಲ್ಲ ಎಂದು ನನಗೆ ಇನ್ನೂ ಹುರುಪು ಬಂತು. ತೋಳಿನಲ್ಲಿ ಶಕ್ತಿ ಇದ್ದಷ್ಟು ಬಾರಿಸಿದೆ.

ಅದೇ ಹೊತ್ತಿಗೆ ಹೊರಸು ಖಣಿಯ ನಡುಮಟ್ಟಕ್ಕೆ ಬಂದಿತ್ತು. ತೋಳ ಅದರ ಮೇಲೆ ಮುದುರಿ ಕೂತಿತ್ತಂತೆ. ಹಲಗಿಯ ಸದ್ದಿಗೆ ಬೆಚ್ಚಿ ಎಗರಿತು. ಕಲ್ಲಿಗೆ ಬಡಿದು ಕೆಳಗಿನ ಬಂಡೆಯ ಮೇಲೆ ಬಿತ್ತು. ಅದು ಕೂಗಿದ್ದು ನನ್ನ ಹಲಗಿಗಿಂತ ಜೋರಾಗಿ ಕೇಳಿಸಿತು.

ಮೊಮ್ಮಗಳು ತಿರುಗಿ ನೋಡಿದಳು. "ಆಯಿ!" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ತೋಳ ಮೂರು ಕಾಲಿನಲ್ಲಿ ತೆವಳಿ ಬಂಡೆಯ ಸಂದಿಗೆ ಹೋಗಿ ಕೂತಿತು. ಮೇಲಿನಿಂದ ಸೂಜಿ ತಾಗದು, ಈಗ ಯಾರಾದರೂ ಇಳಿಯಲೇಬೇಕು. ಗಾರ್ಡುಗಳ ಏಣಿ ಅರ್ಧಕ್ಕೇ ಮುಗಿಯಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ನಾನು ಹಲಗಿ ನೆಲಕ್ಕಿಟ್ಟೆ.

"ನಾ ದಾರಿ ತೋರಿಸ್ತೀನಿ, ಬಾ" ಎಂದೆ.

"ಆಯಿ, ಸುಮ್ಮ ಕುಂದ್ರು. ಸಾಕಾಗ್ಯಾದ."

"ನಾ ತಪ್ಪು ಮಾಡೀನಿ, ಖರೇ. ಆದರ ಈ ಖಣಿ ನನಗ ಗೊತ್ತದ, ನಿನ್ನ ಪುಸ್ತಕಕ್ಕ ಗೊತ್ತಿಲ್ಲ."

ಅವಳು ಬೂಟಿನ ದಾರ ಬಿಗಿದುಕೊಂಡಳು.

ಪರಸಿ ಕಲ್ಲು ಪದರ ಪದರವಾಗಿ ಏಳುತ್ತದೆ. ಬುಟ್ಟಿ ಹೊತ್ತು ಏರಲು ನಾವು ಹೆಂಗಸರು ತೆಂಕಣ ಮೂಲೆಯಲ್ಲಿ ಪದರಗಳನ್ನು ಮೆಟ್ಟಿಲಿನಂತೆ ಬಿಡಿಸಿಕೊಂಡಿದ್ದೆವು. ಈಗ ಅಲ್ಲೆಲ್ಲ ಜಾಲಿ ಬೆಳೆದು ಮೆಟ್ಟಿಲಿದೆ ಎಂಬುದೇ ಕಾಣುವುದಿಲ್ಲ. ಗೋಡೆಗೆ ಮುಖ ಮಾಡಿ, ಪಾದ ಅಡ್ಡ ಇಟ್ಟು ಇಳಿಯಬೇಕು. ಕೆಳಗಿನಿಂದ ಮೂರನೆಯ ಕಲ್ಲು ಮೊದಲಿಂದಲೂ ಸಡಿಲ, ಅದರ ಮೇಲೆ ಭಾರ ಹಾಕಬಾರದು. ನಾನು ಮುಂದೆ, ಅವಳು ಹಿಂದೆ, ಅವಳ ಹಿಂದೆ ಒಬ್ಬ ಗಾರ್ಡು. ಮೊಣಕಾಲು ಕಟಕಟ ಎನ್ನುತ್ತಿದ್ದವು. ಮೂರನೆಯ ಕಲ್ಲಿಗೆ ಬಂದಾಗ, "ಇದನ್ನ ದಾಟು" ಎಂದೆ. ದಾಟಿದಳು.

ಸೂಜಿಯ ಬಂದೂಕಿನಿಂದ ಒಂದೇ ಏಟು, ತೊಡೆಗೆ ಕೂತಿತು. ನಾವು ಕಲ್ಲಿಗೆ ಅಂಟಿ ಕಾದೆವು. ತೋಳದ ತಲೆ ಮೆಲ್ಲಗೆ ಬಾಗಿತು. ಅವಳು ಹತ್ತಿರ ಹೋಗಿ ಮೊದಲು ಅದರ ಕಣ್ಣಿಗೆ ಬಟ್ಟೆ ಕಟ್ಟಿದಳು, ನಾಲಿಗೆ ಹೊರಗೆಳೆದು ಉಸಿರಿಗೆ ದಾರಿ ಮಾಡಿದಳು. ಜ್ವರ ನೋಡಿದಳು. ಮೈ ಕಾಯುತ್ತಿದೆ ಎಂದು ಗಾರ್ಡಿನ ಕೈಯಲ್ಲಿ ಒದ್ದೆ ಬಟ್ಟೆ ಹಾಕಿಸಿದಳು.

"ಆಯಿ, ಅದರ ಪಕ್ಕಡಿ ಏರಿಳಿಯೋದು ನೋಡು. ಉಸಿರು ಎಣಸು. ಹತ್ತಾದ ಮ್ಯಾಲ ಹೇಳು. ತಪ್ಪಬ್ಯಾಡ."

ಎಣಿಸಿದೆ. ನನ್ನ ಮೂರನೇ ಇಯತ್ತೆ ಅಲ್ಲಿ ಕೆಲಸಕ್ಕೆ ಬಂತು. ನಾನು ಹತ್ತು ಎಂದಾಗಲೆಲ್ಲ ಅವಳು ಗಡಿಯಾರ ನೋಡುವಳು. ನಡುವೆ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ತಿರುವಿ, ತೊಡೆಯ ಸಂದಿನ ಕಡೆ ಒತ್ತಿದಳು. ಮೂಳೆ ಮುರಿದಿಲ್ಲ, ಸಂದು ಜಾರಿದೆ ಎಂದಳು. ಮತ್ತೆ ಒತ್ತಿದಳು. ಟಕ್ ಎಂದು ಒಳಗೆ ಕೂತ ಸದ್ದು ನನಗೂ ಕೇಳಿಸಿತು. ಅವಳ ಮುಖದಿಂದ ಬೆವರು ತೋಳದ ರೋಮದ ಮೇಲೆ ಬೀಳುತ್ತಿತ್ತು. ಇದೇ ಕೈ. ಇದೇ ಕೈಯ ರೊಟ್ಟಿ ಬೇಡವೆಂದವನು ಮೇಲೆ ನಿಂತಿದ್ದ.

ಬಲೆಯಲ್ಲಿ ಮಲಗಿಸಿ ಮೇಲೆತ್ತುವಾಗ ಹಗ್ಗಕ್ಕೆ ಒಬ್ಬ ಮನುಷ್ಯ ಕಡಿಮೆ ಬಿದ್ದ. ಗಾರ್ಡು ಮೇಲಕ್ಕೆ ಕೂಗಿದ. ಮೈದುನ ಅಂಚಿಗೆ ಬಂದು ಬಗ್ಗಿ ನೋಡಿದ.

"ಸತ್ತದೇನು?" ಎಂದು ಕೇಳಿದ.

"ಇಲ್ಲ ಸಣ್ಣ ಮುತ್ಯಾ, ಜೀವ ಅದ" ಎಂದಳು ಇವಳು ಕೆಳಗಿನಿಂದ.

ಅವನು ಕೈಗೆ ಉಗುಳು ಹಚ್ಚಿಕೊಂಡು ಹಗ್ಗ ಹಿಡಿದ. ಅದೇ ಹಗ್ಗಕ್ಕೆ ಕೈ ಹಾಕಿದ್ದ ಇನ್ನೊಬ್ಬನು ಆ ಗೌಡರ ಮಗ. ಎಲ್ಲ ಮುಗಿದು ಜೀಪು ಹೊರಟ ಮೇಲೆ ನಾನು ಮೈದುನನನ್ನು ಬಿಡಲಿಲ್ಲ.

"ಏನಪ್ಪಾ, ಈಗರೇ ಬರ್ತೀಯಿಲ್ಲ ಉಣ್ಣಾಕ?"

"ಅದು ನಡೀಲಿ ಮೊದಲ. ನೀ ಬಾರಿಸಿದ ಸದ್ದಿಗಿ ಅದರ ಕಾಲ ಹೋಗ್ಯಾದ. ಕುಂಟಿಯಾಗಿ ಬೋನಿನ್ಯಾಗ ಬಿದ್ದಿರೋದಾದ್ರ ನಿಮ್ಮ ಡಾಕ್ಟರಿಕಿ ಏನ್ ಉಪಯೋಗ?"

ಅವನ ಮಾತು ಕೆಟ್ಟದು, ಆದರೆ ಸುಳ್ಳಲ್ಲ. ಕಾಲು ಊರದಿದ್ದರೆ ತೋಳ ಬೇಟೆಯಾಡಲಾರದು, ಬಿಟ್ಟರೆ ಹಸಿದು ಸಾಯುತ್ತದೆ, ಬಿಡದಿದ್ದರೆ ಸಾಯುವ ತನಕ ಬೋನು. ಮೊಮ್ಮಗಳೇ ಫೋನಿನಲ್ಲಿ ಹೇಳಿದಳು. "ನಂದೇ ತಪ್ಪು ಕೂಸೇ" ಎಂದೆ. "ಹೌದು ಆಯಿ, ನಿಂದೇ" ಎಂದಳು. ಇರಲಿ ಬಿಡು ಎನ್ನಲಿಲ್ಲ. ಸುಳ್ಳು ಸಮಾಧಾನ ಹೇಳದ ಡಾಕ್ಟರು ಒಳ್ಳೆಯ ಡಾಕ್ಟರು ಎಂದು ಅವತ್ತೇ ನನಗೆ ಗಟ್ಟಿಯಾಯಿತು.

ಚಂದ್ರಂಪಳ್ಳಿಯ ಕಾಡಿನ ಅಂಚಿನಲ್ಲಿ ತಂತಿ ಬೇಲಿ ಹಾಕಿ, ಸುತ್ತ ಹಸಿರು ಬಟ್ಟೆ ಕಟ್ಟಿ ಅದನ್ನು ಇಟ್ಟರು. ಮನುಷ್ಯರ ಮುಖ ನೋಡಿ ನೋಡಿ ರೂಢಿಯಾದರೆ ಮುಂದೆ ಊರಿಗೇ ಬರುತ್ತದೆಂದು ಊಟವನ್ನೂ ಮರೆಯಿಂದಲೇ ಎಸೆಯುತ್ತಿದ್ದರು. ಹಾಗಾದರೆ ಕಾಲು ಊರಿದ್ದು ತಿಳಿಯುವುದು ಹೇಗೆ? ನೆಲಕ್ಕೆ ಮರಳು ಹಾಸಿದ್ದಳು. ಅದು ಮಲಗಿದಾಗ ಮರೆಯಿಂದ ಇಣುಕಿ ಮರಳಿನ ಹೆಜ್ಜೆ ನೋಡುವಳು. ದಿನಾಲೂ ನಾನು ಫೋನು ಮಾಡಿ ಕೇಳುವುದು ಒಂದೇ ಮಾತು. "ಎಷ್ಟು ಬಿದ್ದಾವ?"

"ಮೂರು, ಆಯಿ."

ಮರುದಿನವೂ ಮೂರು. ವಾರವಾದರೂ ಮೂರು. ಊರಲ್ಲಿ ಬಾಯಿಗಳು ಸುಮ್ಮನಿರಲಿಲ್ಲ. ಕುರಿಯ ಮುದುಕ ನಲ್ಲಿಯ ಹತ್ತಿರ ಸಿಕ್ಕು, "ಏನವ್ವಾ, ಕುರಿ ತಿನ್ನೋ ತೋಳಕ್ಕ ಸರ್ಕಾರದ ಔಷಧ, ಸರ್ಕಾರದ ಮಟನ್! ನನಗೂ ಒಂದು ಕಾಲ ಮುರ್ಕೊಳ್ಳೋಣ ಅನಸ್ತದ" ಎಂದ.

"ನೀ ಮುರ್ಕೊಂಡ್ರ ಆಕಿ ನೋಡಲ್ಲ, ನೀ ಬರೇ ಮನುಷ್ಯ" ಎಂದೆ. "ಆಕಿ ಚಿತ್ತಾಪುರದಾಗ ಇದ್ದಾಗ ನಿನ್ನ ಕುರಿಗೆ ಬ್ಯಾನಿ ಬಂದು ದಿನಕ್ಕೊಂದು ಬೀಳಾಕತ್ತಿದ್ವು. ಇಡೀ ಹಿಂಡಿಗಿ ಸೂಜಿ ಹಾಕಾಕ ಯಾರು ಬಂದಿದ್ರು, ನಿಮ್ಮಪ್ಪ?"

ಅವನು ಕೊಡ ತುಂಬಿಕೊಂಡ. ಹೋಗುವಾಗ, "ಎಷ್ಟು ಹೆಜ್ಜಿ ಬಿದ್ದಾವಂತ?" ಎಂದು ಕೇಳಿಯೇ ಹೋದ.

ಹದಿನೇಳನೆಯ ದಿನ ಅವಳೇ ಫೋನು ಮಾಡಿದಳು. "ಆಯಿ, ನಾಕನೇದು ಬಿದ್ದದ. ಬರೇ ಉಗುರಿನ ಗುರುತು. ಆದರ ಬಿದ್ದದ." ನಾನು ಕಟ್ಟೆಯ ಮೇಲೆ ನಿಂತು ಕೂಗಿ ಇಡೀ ಕೇರಿಗೆ ಹೇಳಿದೆ. ಪಕ್ಕದ ಮನೆಯ ಕಿಟಕಿ ಮುಚ್ಚಿತ್ತು, ಕಿವಿ ಮುಚ್ಚಿರಲಿಲ್ಲ ಎಂಬುದು ನನಗೆ ಗೊತ್ತು. ಆಮೇಲೆ ಉಗುರಿನ ಗುರುತು ಅರ್ಧ ಪಾದವಾಯಿತು, ಅರ್ಧ ಪಾದ ಪೂರಾ ಆಯಿತು. ಮೇಲಿನ ಸಾಹೇಬರ ಪರವಾನಗಿ ಬಂತು. ಎಲ್ಲಿ ಸಿಕ್ಕಿತೋ ಆ ಸೀಮೆಯಲ್ಲೇ, ನಮ್ಮೂರಿನಾಚೆಯ ಕುರುಚಲು ಗುಡ್ಡದ ಹತ್ತಿರ ಬಿಡುವುದೆಂದಾಯಿತು.

ನನ್ನನ್ನು ಕರೆಯುತ್ತಾಳೆಂದು ಅಂದುಕೊಂಡಿರಲಿಲ್ಲ. ಇವತ್ತು ಕತ್ತಲು ಹರಿಯುವ ಮೊದಲು ಜೀಪು ಬಂದು ಬಾಗಿಲಲ್ಲಿ ನಿಂತಿತು.

"ಬಾ ಆಯಿ. ಹಲಗಿ ಮನ್ಯಾಗ ಬಿಟ್ಟು ಬಾ."

ಜೀಪಿನಲ್ಲಿ ಕೂತು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದೆ. ಕೆಮ್ಮು ಬಂದರೂ ನುಂಗಿದೆ. ಮಿಕ್ಕಿದ್ದು ಮೊದಲೇ ಬರೆದಿದ್ದೇನೆ. ತೋಳ ಕಣ್ಣಿಗೆ ಮರೆಯಾದ ಮೇಲೂ ಅವಳು ದುರ್ಬೀನು ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಈಗ ಬಾರಿಸಿದ್ರೂ ನಡೀತಿತ್ತು ನೋಡು" ಎಂದು ನಕ್ಕಳು. ನನಗೆ ನಗುವುದೋ ಅಳುವುದೋ ತಿಳಿಯದೆ ಎರಡೂ ಮಾಡಿದೆ.

ಮನೆಗೆ ಬಂದು ಪಕ್ಕದ ಬಾಗಿಲು ಬಡಿದೆ. "ನಡೀತು" ಎಂದೆ. ಮೈದುನ ಹಾಸಿಗೆಯ ಮೇಲೆ ಎದ್ದು ಕೂತು, "ಎಷ್ಟು ಕಾಲ ಮ್ಯಾಲ?" ಎಂದ. "ಬಂದು ಆಕಿನ್ನೇ ಕೇಳು" ಎಂದು ಹೇಳಿ ತಿರುಗಿ ಬಂದುಬಿಟ್ಟೆ. ಬೇಡಿಕೊಳ್ಳುವವಳಲ್ಲ ನಾನು.

ಸಂಜೆಗೆ ಸೊಸೆ ಮಟನ್ ಮಾಡಿದಳು, ನಾನು ರೊಟ್ಟಿ ಬಡಿದೆ. ಜೊತೆಗೆ ಪುಂಡಿ ಪಲ್ಯ, ಶೇಂಗಾ ಕುಟ್ಟಿ ಮಾಡಿದ ಖಾರದ ಹಿಂಡಿ. ಮಗ ಚಾಪೆ ಹಾಸಿದ. ತಾಟು ಇಡುವಾಗ ನಾನು ಯಾರನ್ನೂ ಕೇಳದೆ ಒಂದು ಹೆಚ್ಚಿಗೆ ಇಟ್ಟೆ. ಎಲ್ಲರೂ ಆ ತಾಟು ನೋಡಿದರು. ಮೊದಲ ರೊಟ್ಟಿ ಮುರಿಯುವಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಮೈದುನ ಒಳಗೆ ಬಂದು, ಗೋಡೆಯ ಹಲಗಿಯನ್ನು ಒಮ್ಮೆ ನೋಡಿ, ಮೊಮ್ಮಗಳ ಪಕ್ಕದ ತಾಟಿನ ಮುಂದೆ ಕೂತ.

"ಕೈ ತೊಳಕೊಂಡೀಯೇನು?" ಎಂದ, ಮುಖ ಗಂಟಿಕ್ಕಿಕೊಂಡು.

"ಎರಡು ಸಲ, ಸಣ್ಣ ಮುತ್ಯಾ. ನೀ?"

ಅವನು ತನ್ನ ಕೈ ನೋಡಿಕೊಂಡ. ತೊಳೆದಿರಲಿಲ್ಲ! ಮಗ ನಕ್ಕ, ಸೊಸೆ ಸೆರಗು ಅಡ್ಡ ಹಿಡಿದು ನಕ್ಕಳು. ಅವನು ಗೊಣಗುತ್ತ ಎದ್ದು ನಲ್ಲಿಗೆ ಹೋಗಿ ಬಂದ. ಮೊಮ್ಮಗಳು ತನ್ನ ಕೈಯಾರೆ ಒಂದು ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು, ಮೇಲೆ ಸಾರು ಬಿಟ್ಟಳು. ಅವನು ಒಂದು ತುತ್ತು ತಿಂದ, ಇನ್ನೊಂದು ತಿಂದ.

"ಖಾರ ಕಮ್ಮಿ ಆಗ್ಯಾದ" ಎಂದ.

"ಹಿಂಡಿ ಹಚ್ಕೊ" ಎಂದು ಅವಳು ಬಟ್ಟಲು ಅವನ ಕಡೆ ಸರಿಸಿದಳು. ಇನ್ನೆರಡು ರೊಟ್ಟಿ ಸುಡಲು ನಾನು ಎದ್ದೆ. ಕೂತುಕೊಂಡು ಉಣ್ಣು ಎಂದು ಎಲ್ಲರೂ ಒಟ್ಟಿಗೆ ಬೈದರು. ಕೂತೆ. ಉಂಡೆ.